ಚುಕ್ಕಿಯ ಪಕ್ಕದ ಹೆಸರು

ದೇವರ ಮೇಲೆ ನನಗೆ ನಂಬಿಕೆ ಅಷ್ಟಕ್ಕಷ್ಟೆ. ನಮ್ಮ ಬೀದಿಯ ಕೊನೆಯಲ್ಲಿರುವ ದೇವಸ್ಥಾನಕ್ಕೆ ನಾನು ಹೋಗುತ್ತಿದ್ದದ್ದು ಅಮ್ಮ ಕಳಿಸಿದ ತೆಂಗಿನಕಾಯಿ ಕೊಡಲು, ಇಲ್ಲವೇ ಅರ್ಚಕರ ಟ್ಯಾಬ್ ಕೈಕೊಟ್ಟಾಗ ಅದನ್ನು ಸರಿಮಾಡಲು. ಜಯನಗರದ ಒಳರಸ್ತೆಯಲ್ಲಿ ಎರಡು ಮನೆಗಳ ಕಾಂಪೌಂಡಿನ ಮಧ್ಯೆ ಸಿಕ್ಕಿಕೊಂಡಿರುವ ಪುಟ್ಟ ದೇವಿ ಗುಡಿ ಅದು. ಶುಕ್ರವಾರ ಬೆಳಗ್ಗೆ ಅಲ್ಲಿ ಸಾಮೂಹಿಕ ಅರ್ಚನೆ. ಹೆಸರು ಕೊಟ್ಟವರೆಲ್ಲರ ಗೋತ್ರ, ನಕ್ಷತ್ರ, ರಾಶಿ, ಹೆಸರನ್ನು ಅರ್ಚಕರು ಒಂದೊಂದಾಗಿ ಓದಿ, ಇವರಿಗೆ ಕ್ಷೇಮ ಕೊಡು, ಆಯುಸ್ಸು ಕೊಡು, ಆರೋಗ್ಯ ಕೊಡು ಎಂದು ದೇವಿಯನ್ನು ಬೇಡಿಕೊಳ್ಳುತ್ತಾರೆ. ತಮ್ಮ ಹೆಸರು ಬಂದಾಗ ಜನ ಕೈಮುಗಿದು ತಲೆ ಬಗ್ಗಿಸುತ್ತಾರೆ. ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕೈದು ಸೆಕೆಂಡು. ಆ ನಾಲ್ಕೈದು ಸೆಕೆಂಡಿಗಾಗಿ ನಮ್ಮಮ್ಮ ಗುರುವಾರವೇ ಸೀರೆ ತೆಗೆದು ಮಂಚದ ಮೇಲೆ ಇಡುತ್ತಿದ್ದಳು.

ಮೊದಲು ಆ ಹೆಸರುಗಳೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿದ್ದವು. ಎಣ್ಣೆ ಜಿಡ್ಡು, ಕುಂಕುಮದ ಕಲೆ, ಹರಿದ ಅಂಚು. ಕೊರೋನಾ ಬಂದು ಗುಡಿ ಬಾಗಿಲು ಹಾಕಿದಾಗ ಅರ್ಚಕರು ಒಬ್ಬರೇ ಕೂತು ಹೆಸರು ಓದುತ್ತಿದ್ದರು, ನಾವೆಲ್ಲ ಮನೆಯಲ್ಲಿ ಫೋನಿನಲ್ಲಿ ನೋಡುತ್ತಿದ್ದೆವು. ಅವರ ಕಣ್ಣಿಗೆ ಆಗ ಪೊರೆ ಬಂದಿತ್ತು. ಒಂದು ಶುಕ್ರವಾರ ಒಂದೇ ಪುಟವನ್ನು ಎರಡು ಸಲ ಓದಿದರು. ಅಮ್ಮ ನನ್ನ ಕಡೆ ತಿರುಗಿ, ನೀನು ಊರಿಗೆಲ್ಲ ವೆಬ್‌ಸೈಟ್ ಮಾಡ್ತೀಯಲ್ಲ, ಈ ಮನುಷ್ಯರಿಗೆ ದೊಡ್ಡ ಅಕ್ಷರದಲ್ಲಿ ಕಾಣೋ ಹಾಗೆ ಏನಾದ್ರೂ ಮಾಡಿಕೊಡಬಾರದಾ ಎಂದಳು. ಮಾಡಿಕೊಟ್ಟೆ. ಅದಕ್ಕೇನು ಮಹಾ ವಿದ್ಯೆ ಬೇಕಾಗಿರಲಿಲ್ಲ.

ಒಬ್ಬರ ಗೋತ್ರದಿಂದ ಹೆಸರಿನವರೆಗಿನ ಸಾಲು ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಒಂದು ಸರ. ಅಂಥ ಸರಗಳನ್ನೆಲ್ಲ ಒಂದರ ಕೆಳಗೆ ಒಂದು ಪೇರಿಸಿ, ಅವರ ಟ್ಯಾಬಿನಲ್ಲೂ ನನ್ನ ಲ್ಯಾಪ್‌ಟಾಪಿನಲ್ಲೂ ತೆರೆಯುವ ಒಂದು ವೆಬ್ ಪುಟದಲ್ಲಿ ಪಟ್ಟಿಯಾಗಿ ಉಳಿಸಿದೆ. ಪುಟ ತೆರೆದರೆ ಒಂದು ಲೂಪ್ ಓಡುತ್ತದೆ. ಲೂಪ್ ಎಂದರೆ ಇಷ್ಟೇ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೇ ಹಿಡಿದು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು. ಇಲ್ಲಿ ಆ ಕೆಲಸ ಹೆಸರನ್ನು ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸುವುದು. ನೋಟ್‌ಬುಕ್ ಓದಿ ಹೇಳುವುದಕ್ಕೆ ಅಪ್ಪ ಕೂತರು, ನಾನು ಟೈಪ್ ಮಾಡಿದೆ. ಮನೆಮನೆಯ ಪ್ರಕಾರ ಹೋಯಿತು. ಯಜಮಾನರು, ಕೆಳಗೆ ಅವರ ಹೆಂಡತಿ, ಅದರ ಕೆಳಗೆ ಮಕ್ಕಳು. ನಮ್ಮ ಮನೆಯದು ಅಪ್ಪ, ಅಮ್ಮ, ನಾನು. ಮದುವೆಯಾಗದ ಮಗಳು ಎಂದು ನನ್ನ ಹೆಸರಿಗೆ ಅಪ್ಪ ಗೋತ್ರ ಹೇಳುವಾಗ ಸ್ವಲ್ಪ ತಡವರಿಸಿದ್ದು ನೆನಪಿದೆ. ನಮ್ಮದೇ ಗೋತ್ರ ಹಾಕಿ ಅಪ್ಪಾ, ನಾನೆಲ್ಲೂ ಹೋಗಿಲ್ಲವಲ್ಲ ಎಂದು ನಗಾಡಿದೆ.

ಮುಂದಿನ ವರ್ಷ ಅಪ್ಪ ಹೋದರು. ಉಸಿರಾಟದ ತೊಂದರೆ ಎಂದು ಆಸ್ಪತ್ರೆಗೆ ಸೇರಿಸಿದೆವು, ಆರು ದಿನಕ್ಕೆ ಮುಗಿಯಿತು. ಹತ್ತನೆಯ ದಿನ ಸೋದರತ್ತೆ ಅಮ್ಮನ ಪಕ್ಕ ಕೂತು, ಬಳೆ, ಕುಂಕುಮ, ಹೂವಿನ ವಿಷಯ ತೆಗೆದರು. ಜಾಸ್ತಿ ಏನಿಲ್ಲ, ಶಾಸ್ತ್ರಕ್ಕೆ ಒಂದಿಷ್ಟು, ಆಮೇಲೆ ಸ್ಟಿಕ್ಕರ್ ಇಟ್ಟುಕೊಳ್ಳಲಿ ಬೇಕಾದರೆ ಎಂಬ ಧಾಟಿ. ನನಗೆ ಎಲ್ಲಿತ್ತೋ ಸಿಟ್ಟು. ಹಾಲಿನಲ್ಲಿ ಇಡೀ ಬಳಗ ಕೂತಿದ್ದಾಗಲೇ ಎದ್ದು ನಿಂತು, ಅಮ್ಮನ ಹಣೆಗೆ ಯಾರಾದ್ರೂ ಕೈ ಹಾಕಿದ್ರೆ ಆ ಕೈ ಮುರೀತೀನಿ ಎಂದೆ. ಸೋದರತ್ತೆ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಬಿಟ್ಟರೆ ಬಿಡಲಿ. ಅಮ್ಮನ ಕುಂಕುಮ ಅಮ್ಮನ ಹಣೆಯಲ್ಲೇ ಉಳಿಯಿತು. ಮಹಾ ಗೆದ್ದೆ ಎಂದುಕೊಂಡೆ.

ಹದಿಮೂರನೆಯ ದಿನ ಕಳೆದ ಮೇಲಿನ ಗುರುವಾರ ಮಧ್ಯಾಹ್ನ ಅರ್ಚಕರ ಫೋನ್ ಬಂತು. ಮೊದಲು ಅಮ್ಮನನ್ನು ವಿಚಾರಿಸಿಕೊಂಡರು. ಆಮೇಲೆ ಹಿಂದೆಮುಂದೆ ನೋಡುತ್ತಾ ವಿಷಯಕ್ಕೆ ಬಂದರು. ನಾಳೆ ಶುಕ್ರವಾರ, ಅಪ್ಪನ ಹೆಸರು ಇನ್ನು ಆಯುಸ್ಸು ಬೇಡುವ ಪಟ್ಟಿಯಲ್ಲಿ ಬರಬಾರದು. ಹಾಗಂತ ಅಳಿಸಿಯೂ ಬಿಡಬಾರದು. ದೇವರಿಗೆ ಒಪ್ಪಿಸಿದ ಹೆಸರನ್ನು ಅಳಿಸುವ ಪದ್ಧತಿ ಅವರಲ್ಲಿ ಇಲ್ಲ. ನೋಟ್‌ಬುಕ್ಕಿನಲ್ಲಾದರೆ ತೀರಿಕೊಂಡವರ ಹೆಸರಿನ ಕೊನೆಗೆ ಒಂದು ಚುಕ್ಕಿ ಇಡುತ್ತಿದ್ದರು. ಶುಕ್ರವಾರ ಆ ಚುಕ್ಕಿ ಕಂಡರೆ ಓದುತ್ತಿರಲಿಲ್ಲ. ಭಾದ್ರಪದದ ಪಕ್ಷಮಾಸದಲ್ಲಿ, ಪಿತೃಗಳಿಗೆ ಎಳ್ಳುನೀರು ಬಿಡುವ ದಿನ, ಚುಕ್ಕಿ ಇದ್ದವರನ್ನು ಮಾತ್ರ ಓದುತ್ತಿದ್ದರು. ಟ್ಯಾಬ್ ಬಂದ ಮೇಲೆ ತೀರಿಕೊಂಡ ಒಬ್ಬಿಬ್ಬರನ್ನು ಇದುವರೆಗೆ ನೆನಪಿನಿಂದಲೇ ಬಿಟ್ಟು ಓದುತ್ತಿದ್ದರಂತೆ. ನಿನ್ನ ಯಂತ್ರದಲ್ಲೂ ಹಾಗೆ ಮಾಡಕ್ಕಾಗುತ್ತೇನಮ್ಮ ಎಂದು ಕೇಳಿದರು.

ಊಟದ ಮೇಜಿನ ಮೇಲೆ ಬಾಳೆ ಎಲೆಯ ಕಟ್ಟು, ಉಳಿದ ವಡೆಯ ಡಬ್ಬ. ಅದರ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಹೊರಗೆ ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದರು. ನಾನು ಬರೆದದ್ದು ನಾಲ್ಕೈದು ಸಾಲು. ಪಟ್ಟಿಯ ಒಂದು ಪ್ರತಿ ತೆಗೆದುಕೋ. ಒಂದೊಂದೇ ಹೆಸರು ನೋಡುತ್ತಾ ಹೋಗು. ಚುಕ್ಕಿ ಇಲ್ಲದಿದ್ದರೆ ಪರದೆಗೆ ಹಾಕು. ಚುಕ್ಕಿ ಇದ್ದರೆ ಆ ಹೆಸರನ್ನು ಸಾಲಿನಿಂದ ಎಬ್ಬಿಸಿ ಪಿತೃಗಳ ಪಟ್ಟಿಗೆ ಕಳಿಸು. ಬರೆದು, ಅಪ್ಪನ ಸಾಲಿಗೆ ನಾನೇ ಚುಕ್ಕಿ ಇಟ್ಟು ಓಡಿಸಿ ನೋಡಿದೆ. ಅಪ್ಪನ ಸಾಲು ಹೋಗಿತ್ತು. ಪಿತೃಗಳ ಪಟ್ಟಿಯಲ್ಲಿ ಅದೊಂದೇ ಸಾಲು ಬಂದು ಕೂತಿತ್ತು. ಅದರ ಆಚೆ ಈಚೆ ನೋಡುವ ಶಕ್ತಿ ನನಗಿರಲಿಲ್ಲ. ಸರಿಯಾಗಿದೆ ಎಂದು ಅರ್ಚಕರಿಗೆ ಮೆಸೇಜ್ ಹಾಕಿ ಲ್ಯಾಪ್‌ಟಾಪ್ ಮುಚ್ಚಿದೆ.

ವರ್ಷ ತುಂಬುವ ತನಕ ಅಮ್ಮ ಗುಡಿಯ ಮೆಟ್ಟಿಲು ಹತ್ತಲಿಲ್ಲ. ವರ್ಷಾಬ್ದಿಕ ಮುಗಿದ ಮೇಲಿನ ಶುಕ್ರವಾರ ಬೇಗ ಎದ್ದು, ತಲೆಗೆ ನೀರು ಹಾಕಿಕೊಂಡು, ಹಸಿರು ಅಂಚಿನ ಸೀರೆ ಉಟ್ಟು ಹೊರಟಳು. ಆಗ ಮಾಗಿಯ ಚಳಿ. ಶಾಲು ಹೊದ್ದುಕೊಳ್ಳೇ ಎಂದರೆ, ದೇವರ ಮುಂದೆ ಶಾಲು ಯಾಕೆ ಎಂದು ನನ್ನನ್ನೇ ಗದರಿದಳು. ಅವಳಲ್ಲಿ ಆ ಹುರುಪು ಕಂಡು ಒಂದು ವರ್ಷ ಆಗಿತ್ತು. ನನಗೆ ಖುಷಿಯಾಯಿತು.

ಒಂದು ಗಂಟೆ ಕಳೆದು ವಾಪಸ್ ಬಂದಳು. ಮೊದಲೆಲ್ಲ ಶುಕ್ರವಾರ ಗುಡಿಯಿಂದ ಬಂದರೆ ಯಾರು ಬಂದಿದ್ದರು, ಯಾರ ಸೊಸೆ ಬಸುರಿ, ಯಾರ ಮನೆ ಬಿಲ್ಡರಿಗೆ ಹೋಯಿತು ಎಂದು ಅರ್ಧ ಗಂಟೆಯ ಸುದ್ದಿ ಇರುತ್ತಿತ್ತು. ಅವತ್ತು ಪ್ರಸಾದದ ಬಟ್ಟಲನ್ನು ದೇವರ ಮನೆಯಲ್ಲಿಟ್ಟು, ಸೀರೆ ಬದಲಾಯಿಸಿ, ನೆನೆಸಿದ್ದ ಅವರೆಕಾಳು ಹಿತುಕುತ್ತಾ ಅಡುಗೆಮನೆಯಲ್ಲಿ ಕೂತುಬಿಟ್ಟಳು. ಹೇಗಿತ್ತು ಎಂದು ಕೇಳಿದ್ದಕ್ಕೆ, ಜನ ಜಾಸ್ತಿ, ನಿಲ್ಲಕ್ಕೆ ಆಗಲಿಲ್ಲ ಎಂದಳು. ಅಪ್ಪ ಇಲ್ಲದೆ ಒಬ್ಬಳೇ ಹೋಗಿದ್ದಳಲ್ಲ, ಸಂಕಟ ಆಗಿರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.

ಇನ್ನೂ ಮೂರು ಶುಕ್ರವಾರ ಹೋದಳು. ಆಮೇಲೆ ನಿಲ್ಲಿಸಿದಳು. ಮಂಗಳವಾರ ಮಧ್ಯಾಹ್ನ, ಗುಡಿ ಖಾಲಿ ಇರುವಾಗ, ಹೊರಗಿನಿಂದಲೇ ಮೂರು ಸುತ್ತು ಹಾಕಿ ಬರುತ್ತಿದ್ದಳು. ನನಗೆ ರೇಗುತ್ತಿತ್ತು. ಮನೆಯಲ್ಲಿ ಮೂಲೆ ಹಿಡಿದು ಕೂತರೆ ಹುಚ್ಚು ಹಿಡಿಯುತ್ತೆ, ಜನರ ಜೊತೆ ಬೆರಿ, ಹೋಗು ಎಂದು ಬೈಯುತ್ತಿದ್ದೆ. ಒಂದು ಸಲ ಸಿಟ್ಟಿನಲ್ಲಿ, ಅಪ್ಪ ಹೋದ್ರು ಅಂತ ನೀನೂ ಹೋದವಳ ಹಾಗೆ ಯಾಕೆ ಆಡ್ತೀಯ ಎಂದುಬಿಟ್ಟೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ಆ ನೋಟ ಈಗ ನನ್ನನ್ನು ಕೊಲ್ಲುತ್ತದೆ.

ಒಂದೇ ಒಂದು ಸಲ ಕೇಳಿದ್ದಳು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಕಾಫಿ ತಂದಿಟ್ಟವಳು ಹೋಗದೆ ಅಲ್ಲೇ ನಿಂತಿದ್ದಳು. ನಾನು ಹೆಡ್‌ಫೋನಿನ ಒಂದು ಕಿವಿ ಸರಿಸಿದೆ.

"ಆ ಗುಡಿ ಪಟ್ಟಿ ಪೂರ್ತಿ ನೀನೇ ಮಾಡಿದ್ದಲ್ವಾ?"

"ಹೂಂ, ಇನ್ಯಾರು ಮಾಡ್ತಾರೆ. ಯಾಕೆ, ಸರಿಯಾಗಿ ಬರ್ತಿಲ್ವಾ?"

"ಬರ್ತಿದೆ. ಸರಿಯಾಗೇ ಬರ್ತಿದೆ," ಎಂದು ಹೇಳಿ ಒಳಗೆ ಹೋದಳು. ನಾನು ಹೆಡ್‌ಫೋನ್ ಮತ್ತೆ ಕಿವಿಗೆ ಏರಿಸಿಕೊಂಡೆ. ಯಾವ ಮೀಟಿಂಗ್ ಅದು, ಯಾವ ತಲೆಹೋಗುವ ವಿಷಯ ಮಾತಾಡುತ್ತಿದ್ದೆವು, ದೇವರಾಣೆ ನೆನಪಿಲ್ಲ.

ಅದಾದ ಮೇಲೆ ಒಂದೂವರೆ ವರ್ಷ ಅಮ್ಮ ಇದ್ದಳು. ಒಂದು ಬೆಳಗ್ಗೆ ಹಾಲು ಕಾಯಿಸುತ್ತಾ ನಿಂತವಳು ಅಲ್ಲೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಎರಡು ದಿನ. ಅಮ್ಮನಿಗೆ ಮತ್ತೆ ಎಚ್ಚರ ಆಗಲೇ ಇಲ್ಲ. ಅರ್ಚಕರು ಬಂದು ಕಣ್ಣೊರೆಸಿಕೊಂಡು ಹೋದರು. ಅವತ್ತೇ ಅವರ ಟ್ಯಾಬಿನಲ್ಲಿ ಅಮ್ಮನ ಹೆಸರಿಗೂ ಚುಕ್ಕಿ ಬಿದ್ದಿರಬೇಕು.

ವರ್ಷ ತುಂಬಿದ ಮೇಲಿನ ಮೊದಲ ಪಕ್ಷಮಾಸ, ಮಹಾಲಯ ಅಮಾವಾಸ್ಯೆಯ ಬೆಳಗ್ಗೆ, ಬಿಟಿಎಂ ಲೇಔಟಿನ ನಮ್ಮ ಆಫೀಸಿಗೆ ರಜೆ ಹಾಕಿ ಗುಡಿಗೆ ಹೋದೆ. ನಂಬಿಕೆ ಬಂದು ಅಲ್ಲ. ಅಪ್ಪ ಅಮ್ಮ ಇಬ್ಬರ ಹೆಸರನ್ನು ಒಟ್ಟಿಗೆ ಯಾರಾದರೂ ಗಟ್ಟಿಯಾಗಿ ಕರೆಯುವುದನ್ನು ಕೇಳಬೇಕು ಎನ್ನಿಸಿತ್ತು. ಮನೆಯಲ್ಲಿ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ. ಪಿತೃಗಳ ಹೆಸರನ್ನು ದೇವಿಯ ಎದುರು ಓದುವುದಿಲ್ಲ. ಗುಡಿಯ ಹಿಂದೆ ಒಂದು ಸಣ್ಣ ಹಾಲ್ ಇದೆ, ಅಲ್ಲಿ ಸಾಲಾಗಿ ಕೂತೆವು. ಮುಂದೆ ಒಂದು ಹಿತ್ತಾಳೆ ಪಾತ್ರೆ, ಎಳ್ಳು, ದರ್ಭೆ. ಹೆಂಗಸರು ತರ್ಪಣ ಬಿಡುವಂತಿಲ್ಲ ಎಂದು ಯಾರೋ ಗೊಣಗಿದರು. ಅರ್ಚಕರೇ ಅವರ ಬಾಯಿ ಮುಚ್ಚಿಸಿದರು. ಹೆಸರು ಓದುವುದು ನಾನು, ಎಳ್ಳುನೀರು ಬಿಡುವುದು ನಾನು, ಆ ಮಗು ಬೊಗಸೆ ಹಿಡಿದು ಕೂತರೆ ನಿಮಗೇನು ಕಷ್ಟ ಎಂದರು. ಐವತ್ತು ಸಮೀಪಿಸುತ್ತಿರುವ ನಾನು ಅವರಿಗೆ ಇನ್ನೂ ಮಗು.

ಅಪ್ಪನ ಗೋತ್ರ ಬಂತು. ನಕ್ಷತ್ರ ಬಂತು. ಹೆಸರು ಬಂತು. ಕಣ್ಣು ಮುಚ್ಚಿ ಮುಂದಿನ ಸಾಲಿಗೆ ಕಾದೆ. ಮುಂದಿನ ಸಾಲಿನಲ್ಲಿ ಬೇರೆ ಯಾರದೋ ಗೋತ್ರ. ಅದರ ಮುಂದಿನದು ಇನ್ಯಾರದೋ. ಕೊನೆಯಲ್ಲಿ ಬರಬಹುದು ಎಂದು ಬೊಗಸೆ ಹಿಡಿದೇ ಕೂತಿದ್ದೆ. ಪಟ್ಟಿ ಮುಗಿಯಿತು. ಜನ ಎದ್ದು ಸೀರೆ ಪಂಚೆ ಕೊಡವಿಕೊಂಡರು. ಅಮ್ಮನ ಹೆಸರು ಬರಲಿಲ್ಲ.

ಅರ್ಚಕರ ಹತ್ತಿರ ಹೋಗಿ ಹೇಳಿದೆ. ಅವರು ಗಾಬರಿಯಾದರು. ಹೆಸರು ಸೇರಿಸುವ ಪುಟ ತೆರೆದು ತೋರಿಸಿದರು. ಅಮ್ಮ ಅಲ್ಲಿದ್ದಳು, ಚುಕ್ಕಿ ಸಮೇತ, ಅಪ್ಪನ ಕೆಳಗೆ, ನನ್ನ ಮೇಲೆ. ನಾನು ಇಟ್ಟಿದ್ದೀನಮ್ಮ, ಯಾಕೆ ಬರಲಿಲ್ಲವೋ ಗೊತ್ತಿಲ್ಲ ಎಂದು ಕೈ ಹಿಸುಕಿಕೊಂಡರು. ಮತ್ತೆ ಕೂತು, ನೆನಪಿನಿಂದ ಅಮ್ಮನ ಹೆಸರೊಂದನ್ನೇ ಹೇಳಿ ನೀರು ಬಿಟ್ಟರು. ಎಲ್ಲರೂ ಎದ್ದು ಹೋದ ಮೇಲೆ, ಖಾಲಿ ಹಾಲಿನಲ್ಲಿ, ಕೊನೆಗೆ ಉಳಿದುಹೋದವಳ ಹಾಗೆ ಅಮ್ಮ ಹೋದಳು.

ಮನೆಗೆ ಬಂದು ಸ್ನಾನವನ್ನೂ ಮಾಡದೆ ಲ್ಯಾಪ್‌ಟಾಪ್ ತೆರೆದೆ. ತಪ್ಪು ಹುಡುಕಲು ಒಂದು ನಿಮಿಷ ಹಿಡಿಯಲಿಲ್ಲ. ನೋಡಿದ ತಕ್ಷಣ ಗೊತ್ತಾಯಿತು. ಈ ಕಸುಬಿಗೆ ಬಂದವರು ಮೊದಲ ತಿಂಗಳಲ್ಲಿ ಮಾಡುವ ತಪ್ಪು ಅದು. ಇದೇ ತಪ್ಪಿಗೆ ನನ್ನ ಕೈಕೆಳಗಿನವರನ್ನು ಎಷ್ಟು ಸಲ ಎಲ್ಲರೆದುರು ಜಾಡಿಸಿದ್ದೇನೋ ಲೆಕ್ಕವಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಪಂಕ್ತಿಯ ಊಟ ನೆನೆಸಿಕೊಳ್ಳಿ. ಬಡಿಸುವವರು ಅನ್ನದ ಪಾತ್ರೆ ಹಿಡಿದು ಎಲೆಯಿಂದ ಎಲೆಗೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತಿದ್ದಾರೆ. ಅವರೆದುರು ಕೂತಿದ್ದವರೊಬ್ಬರು ಎದ್ದು ಹೋದರು. ಜಾಗ ಖಾಲಿ ಬಿಡಬಾರದೆಂದು ಪಕ್ಕದವರು ಆ ಎಲೆಗೆ ಸರಿದರು, ಅವರ ಹಿಂದೆ ಇಡೀ ಸಾಲು ಒಂದೊಂದು ಜಾಗ ಸರಿಯಿತು. ಬಡಿಸುವವರು ಇದನ್ನು ಗಮನಿಸದೆ ತಮ್ಮ ಲೆಕ್ಕದ ಪ್ರಕಾರ ಒಂದು ಹೆಜ್ಜೆ ಮುಂದೆ ಹೋದರು. ಎದ್ದವರ ಜಾಗಕ್ಕೆ ಸರಿದು ಕೂತವರಿಗೆ ಅನ್ನ ಬೀಳಲಿಲ್ಲ. ಅವರು ಪಂಕ್ತಿಯಲ್ಲೇ ಇದ್ದಾರೆ, ಎಲೆ ಹಾಕಿದೆ, ನೀರು ಚಿಮುಕಿಸಿದೆ. ಬಡಿಸುವವರಿಗೆ ಮಾತ್ರ ಅವರು ಕಾಣಲಿಲ್ಲ. ನನ್ನ ಲೂಪ್ ಮಾಡುತ್ತಿದ್ದದ್ದು ಇದನ್ನೇ. ನಡೆಯುತ್ತಾ ನಡೆಯುತ್ತಾ ಅಪ್ಪನನ್ನು ಸಾಲಿನಿಂದ ಎಬ್ಬಿಸಿತು. ಅಮ್ಮ ಅಪ್ಪನ ಜಾಗಕ್ಕೆ ಸರಿದಳು. ಲೂಪ್ ಅವಳನ್ನು ದಾಟಿ ನನ್ನ ಹತ್ತಿರ ಬಂದು ನಿಂತಿತು.

ಹಾಗಾಗಿ ಅಮ್ಮನ ಚುಕ್ಕಿಯನ್ನು ಅದು ನೋಡಲೇ ಇಲ್ಲ, ಪಿತೃಗಳ ಪಟ್ಟಿಗೆ ಅವಳು ಸೇರಲಿಲ್ಲ. ಇಷ್ಟು ಅರ್ಥವಾದಾಗ ನನಗೆ ನನ್ನ ಮೇಲೆ ಕೋಪ ಬಂದಿತ್ತು, ಅಷ್ಟೇ. ಸರಿಮಾಡಲು ಕೈ ಹಾಕಿದೆ. ಮೂಲ ಸಾಲನ್ನು ಮುಟ್ಟದೆ, ಇದ್ದವರನ್ನು ಒಂದು ಕಡೆ, ಹೋದವರನ್ನು ಒಂದು ಕಡೆ ಬರೆದುಕೊಂಡು ಹೋಗು ಎಂದು ಬದಲಾಯಿಸಿದರೆ ಮುಗಿಯಿತು. ಅರ್ಧ ಬದಲಾಯಿಸಿದ್ದೆ. ಆಗ ಕೈ ನಿಂತಿತು.

ಅಮ್ಮನಿಗೆ ಚುಕ್ಕಿ ಬೀಳುವ ಮೊದಲೂ ಲೂಪ್ ಅವಳನ್ನು ದಾಟಿಯೇ ಹೋಗುತ್ತಿತ್ತು. ಅಪ್ಪನಿಗೆ ಚುಕ್ಕಿ ಬಿದ್ದ ದಿನದಿಂದ. ಅವಳು ಬದುಕಿದ್ದಾಗ, ತಲೆಗೆ ನೀರು ಹಾಕಿಕೊಂಡು, ಚಳಿಯಲ್ಲಿ ಶಾಲು ಇಲ್ಲದೆ ಹೋಗಿ ನಿಂತಾಗ. ಇದ್ದಾಗ ಇದ್ದವರಲ್ಲಿ ಇರಲಿಲ್ಲ, ಹೋದಾಗ ಹೋದವರಲ್ಲೂ ಇರಲಿಲ್ಲ. ಅವಳ ಹೆಸರು ಬರಬೇಕಾಗಿದ್ದ ಕಡೆ ನನ್ನ ಹೆಸರು ಬಂದಿತ್ತು, ಅದಕ್ಕೆ ಅವಳು ಕೈಮುಗಿದಿರಬೇಕು. ಅಡುಗೆಮನೆಯ ಕಡೆ ತಿರುಗಿ ಅಮ್ಮಾ ಎಂದು ಕರೆದೆ. ಕರೆದದ್ದು ನನಗೇ ಕೇಳಿ ಮೈ ಜುಮ್ಮೆಂದಿತು. ಆ ಮನೆಯಲ್ಲಿ ಅವತ್ತಿನಿಂದ ನನಗೆ ಒಬ್ಬಳೇ ಕೂರಲು ಆಗುತ್ತಿಲ್ಲ. ದೆವ್ವ ಭೂತ ಎಂದಲ್ಲ. ಯಾರೋ ತನ್ನ ಹೆಸರು ಬರುತ್ತದೆಂದು ಕಾದು ನಿಂತಿದ್ದಾರೆ ಎನ್ನಿಸುತ್ತದೆ.

ಯಾಕೆ ಕೇಳಲಿಲ್ಲ ಅಮ್ಮ? ಈ ಪ್ರಶ್ನೆಗೆ ಉತ್ತರ ಪಟ್ಟಿಯಲ್ಲೇ ಇತ್ತು. ಚುಕ್ಕಿ ಇದ್ದ ಹೆಸರುಗಳ ಕೆಳಗಿನ ಸಾಲುಗಳನ್ನೆಲ್ಲ ಬೆರಳಿಟ್ಟು ನೋಡಿದೆ. ಏಳು ಜನ ಹೀಗೆ ತಪ್ಪಿಹೋಗಿದ್ದರು. ಆರು ಜನ ಹೆಂಗಸರು, ಮೇಲಿನ ಸಾಲಿನಲ್ಲಿದ್ದ ಗಂಡ ತೀರಿಕೊಂಡವರು. ಮನೆಮನೆಯ ಪ್ರಕಾರ, ಯಜಮಾನರ ಕೆಳಗೆ ಹೆಂಡತಿ ಎಂದು ಟೈಪ್ ಮಾಡಿದ್ದೆನಲ್ಲ. ಏಳನೆಯವರು ಒಬ್ಬ ನಿವೃತ್ತ ಇಂಜಿನಿಯರ್. ಅವರ ಮೇಲಿನ ಸಾಲು ಬೇರೆ ಮನೆಯ ಅಜ್ಜಿಯೊಬ್ಬರದು. ವಿಚಿತ್ರವೆಂದರೆ ಆ ಇಂಜಿನಿಯರ್ ಹೆಸರು ಪಟ್ಟಿಯಲ್ಲಿ ಎರಡು ಕಡೆ ಇತ್ತು. ತನ್ನ ಜಾಗದಲ್ಲಿ ಒಂದು ಸಲ, ಎಲ್ಲರಿಗಿಂತ ಕೊನೆಗೆ ಇನ್ನೊಂದು ಸಲ.

ಸಂಜೆ ಅರ್ಚಕರನ್ನು ಕೇಳಿದೆ. ಅಜ್ಜಿ ಹೋದ ಮುಂದಿನ ಶುಕ್ರವಾರವೇ ಆ ಮನುಷ್ಯರು ರೇಗಾಡಿದರಂತೆ. ನಾನು ಬದುಕಿದ್ದೀನಿ ಕಣ್ರೀ, ಎಲ್ಲಿ ನನ್ನ ಹೆಸರು ಎಂದು ಮಂಗಳಾರತಿ ನಿಲ್ಲಿಸಿ ಕೇಳಿದರಂತೆ. ಇವರು ಕ್ಷಮೆ ಕೇಳಿ, ಏನೋ ಬಿಟ್ಟುಹೋಗಿರಬೇಕೆಂದು ಕೊನೆಯಲ್ಲಿ ಇನ್ನೊಮ್ಮೆ ಸೇರಿಸಿಕೊಂಡರಂತೆ. ನನಗೆ ಹೇಳುವಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ ಎಂದರು. ಹೆಂಗಸರು ಯಾರೂ ಕೇಳಲಿಲ್ಲವಾ ಎಂದೆ. ಇಲ್ಲ ಎಂದರು.

"ಗಂಡ ಹೋದವರ ಹೆಸರು ಓದಬಾರದು ಅಂತ ಶಾಸ್ತ್ರ ಇದೆಯಾ ಭಟ್ರೇ?"

ಅವರು ಟ್ಯಾಬನ್ನು ಮಡಿಲಿಗೆ ಎಳೆದುಕೊಂಡರು. "ಎಲ್ಲಿದೆ ಅಂಥ ಶಾಸ್ತ್ರ? ಆರೋಗ್ಯ ಕೊಡು ಅಂತ ಕೇಳಕ್ಕೆ ಯಾರದಾದ್ರೇನಮ್ಮ. ನಾನು ಪರದೆ ಮೇಲೆ ಬಂದಿದ್ದನ್ನ ಓದ್ತಿದ್ದೆ. ಅವ್ರು ಬರೋದು ನಿಲ್ಲಿಸಿದ್ರು. ದುಃಖ ಅಂದ್ಕೊಂಡೆ."

ನಾನೂ ಅದನ್ನೇ ಅಂದುಕೊಂಡಿದ್ದೆ. ಆರು ಜನ ಹೆಂಗಸರಿಗೂ ಇದು ತಪ್ಪು ಎಂದು ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅರಿಶಿನ ಕುಂಕುಮಕ್ಕೆ ಕರೆಯುವುದು ನಿಲ್ಲುತ್ತದೆ, ಮದುವೆ ಮನೆಯಲ್ಲಿ ಹಸೆಯ ಹತ್ತಿರ ಕರೆಯುವುದು ನಿಲ್ಲುತ್ತದೆ. ಗುಡಿಯಲ್ಲೂ ಹೆಸರು ಕರೆಯುವುದು ನಿಂತಿತು, ಅದೂ ಅದರ ಜೊತೆಗೆ ಸೇರಿತು. ಕಂಪ್ಯೂಟರಿನ ತಪ್ಪು ಹೀಗೆ ಸಂಪ್ರದಾಯದ ಸೀರೆ ಉಟ್ಟು ಬಂದರೆ ಯಾರು ಗುರುತು ಹಿಡಿಯುತ್ತಾರೆ? ಹತ್ತನೆಯ ದಿನ ಬಳಗದ ಎದುರು ತೋಳೇರಿಸಿದ ನಾನು, ಅದೇ ವಾರ ಊಟದ ಮೇಜಿನಲ್ಲಿ ಕೂತು ಅಮ್ಮನನ್ನು ದೇವರ ಲೆಕ್ಕದಿಂದ ತೆಗೆದುಹಾಕಿದ್ದೆ. ಸೋದರತ್ತೆಯ ಕೈಯಲ್ಲಿ ಆಗದ್ದು ನನ್ನ ಕೈಯಲ್ಲಿ ಆಯಿತು.

ಲೂಪ್ ಸರಿಮಾಡಿದೆ. ಮೂರು ಸಲ, ನಾಲ್ಕು ಸಲ, ಸಾಲು ಸಾಲಾಗಿ ಬೆರಳಿಟ್ಟು ತಾಳೆ ನೋಡಿದೆ. ಆಮೇಲೆ ಆ ಹೆಂಗಸರಿಗೆ ಹೇಳುವುದು ಉಳಿಯಿತು. ಆರು ಜನರಲ್ಲಿ ಅಮ್ಮ ಮತ್ತು ಇನ್ನೊಬ್ಬರು ತೀರಿಕೊಂಡಿದ್ದರು. ಉಳಿದವರು ನಾಲ್ವರು. ಒಬ್ಬರು ಗಿರಿನಗರದಲ್ಲಿ ಮಗನ ಮನೆಗೆ ಹೋಗಿದ್ದರು. ಫೋನ್ ಮಾಡಿದರೆ, ಅಯ್ಯೋ ಬಿಡಮ್ಮ, ಅದೇನು ಮಹಾ, ನನಗೆ ಕಿವಿಯೇ ಸರಿಯಾಗಿ ಕೇಳಲ್ಲ ಎಂದು ನಕ್ಕರು. ಇನ್ನೊಬ್ಬರಿಗೆ ನೆನಪಿನ ತೊಂದರೆ, ಅವರ ಸೊಸೆ ಫೋನ್ ತೆಗೆದುಕೊಂಡು ಆಯಿತು ಹೇಳ್ತೀನಿ ಎಂದಳು. ಮೂರನೆಯವರು ಗೊಟ್ಟಿಗೆರೆಯಲ್ಲಿ ಮಗಳ ಜೊತೆ ಇದ್ದಾರೆ. ಪೂರ್ತಿ ಕೇಳಿಸಿಕೊಂಡರು. ಲೈನ್ ಕಟ್ ಆಯಿತೇನೋ ಎಂದು ಹಲೋ ಹಲೋ ಎಂದೆ.

"ಹಾಗಾದ್ರೆ ನಾನು ಹೋಗ್ಬಹುದಿತ್ತಾ?" ಎಂದು ಕೇಳಿದರು.

ಹೋಗಬಹುದಿತ್ತು ಎಂದೆ. 'ಹೂಂ' ಎಂದು ಫೋನ್ ಇಟ್ಟರು.

ನಾಲ್ಕನೆಯವರ ಮನೆಗೆ ನಾನೇ ಹೋದೆ. ಅವರು ನಮ್ಮ ಹಿಂದಿನ ರಸ್ತೆಯ ಟೀಚರ್ ಆಂಟಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು, ಅಮ್ಮನ ಶುಕ್ರವಾರದ ಜೊತೆಗಾತಿ. ಅವರ ಗಂಡ ನಮ್ಮಪ್ಪನಿಗಿಂತ ಒಂದೆರಡು ತಿಂಗಳು ಮೊದಲೇ ಹೋಗಿದ್ದರು. ಭಾನುವಾರ ಬೆಳಗ್ಗೆ ಹತ್ತು ಗಂಟೆ, ಅವರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ಮಂಡಿ ನೋವು ಜಾಸ್ತಿಯಾಗಿದೆ ಎಂದರು. ಕಾಫಿ ಕೊಟ್ಟರು. ನಾನು ಸುತ್ತಿಬಳಸದೆ ಎಲ್ಲ ಹೇಳಿದೆ. ಪಂಕ್ತಿಯ ಉದಾಹರಣೆಯನ್ನೂ ಹೇಳಿದೆ. ಟೀಚರ್ ಅಲ್ಲವೇ, ಒಂದೇ ಸಲಕ್ಕೆ ಅರ್ಥವಾಯಿತು. ಎದ್ದವರ ಪಕ್ಕದವರಿಗೆ ಮಾತ್ರ ತಪ್ಪುತ್ತೆ, ಅಲ್ವಾ, ಅದಕ್ಕೇ ನಾವೇ ಸಿಕ್ಕಿಬಿದ್ದಿದ್ದು ಎಂದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅವರು ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟರು. ಹೇಳಲೋ ಬೇಡವೋ ಎಂದು ನನ್ನನ್ನು ಒಂದು ಕ್ಷಣ ನೋಡಿದರು.

"ನಾನು ಕೇಳಕ್ಕೆ ಎದ್ದಿದ್ದೆ ಕಣೇ," ಎಂದರು. "ನಿಮ್ಮಮ್ಮ ವರ್ಷ ಕಳೆದು ಬಂದಿದ್ಲಲ್ಲ, ಆ ಶುಕ್ರವಾರ. ನನ್ನದು ಮುಂಚೆಯಿಂದಲೇ ಬರ್ತಿರ್ಲಿಲ್ಲ. ನನಗೊಬ್ಬಳಿಗೇ ಹಿಂಗಾಗಿದೆ ಅಂದ್ಕೊಂಡಿದ್ದೆ. ಅವಳದ್ದೂ ಬರ್ಲಿಲ್ಲ ಅಂದಾಗ ಸಿಟ್ಟು ಬಂತು. ಇದೇನು ಅನ್ಯಾಯ, ಭಟ್ರನ್ನ ಈಗ್ಲೇ ಕೇಳ್ತೀನಿ ಅಂತ ಎದ್ದೆ. ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರೂ ನನ್ನ ಜೊತೆ ಎದ್ರು. ನಿಮ್ಮಮ್ಮ ನನ್ನ ಸೆರಗು ಹಿಡಿದು ಕೂರಿಸಿಬಿಟ್ಲು."

ಯಾಕೆ ಎಂದು ಕೇಳಿದೆ.

"ಪಟ್ಟಿ ಮಾಡಿರೋದು ನನ್ನ ಮಗಳು, ಅವಳು ಇಂಥದ್ದರಲ್ಲೆಲ್ಲ ತಪ್ಪು ಮಾಡಲ್ಲ ಅಂದ್ಲು. ನನ್ನ ಕುಂಕುಮಕ್ಕೋಸ್ಕರ ಬಳಗಾನೇ ಎದುರು ಹಾಕ್ಕೊಂಡವಳು, ಶಾಸ್ತ್ರ ಇಲ್ದೆ ಇದ್ರೆ ನನ್ನ ಹೆಸರು ತೆಗೀತಿದ್ಲಾ ಅಂದ್ಲು. ಭಟ್ರು ಹೇಳಿರ್ತಾರೆ, ಇವಳು ವಿಧಿಯಿಲ್ದೆ ಮಾಡಿರ್ತಾಳೆ. ಅಪ್ಪನ ಹೆಸರಿನ ಜೊತೆಗೆ ನನ್ನದೂ ತನ್ನ ಕೈಯಾರೆ ತೆಗೆಯೋವಾಗ ಎಷ್ಟು ಅತ್ತಿರ್ತಾಳೋ ಪಾಪ, ಈಗ ಯಾರೂ ಅದನ್ನ ಎತ್ತಬೇಡಿ, ಅವಳ ಕಿವಿಗೆ ಬಿದ್ರೆ ನೊಂದ್ಕೋತಾಳೆ ಅಂತ ನಮ್ಮೆಲ್ಲರ ಕೈಲೂ ಮಾತು ತಗೊಂಡ್ಲು."

ಆಂಟಿ ನನ್ನ ಕೈಯಿಂದ ಲೋಟ ತೆಗೆದು ಕೆಳಗಿಟ್ಟು, ಕೈ ಹಿಡಿದುಕೊಂಡರು.

"ನಾನು ಅತ್ತಿರ್ಲಿಲ್ಲ ಆಂಟಿ," ಎಂದೆ. "ನನಗೆ ಗೊತ್ತೇ ಆಗಿರ್ಲಿಲ್ಲ."